ಚಳಿಗಾಲದ ಮದುವೆ: ಮುಹೂರ್ತ ಎಷ್ಟಕ್ಕೆ, ಸೂರ್ಯ ಎಲ್ಲಿ?

ತುಳಸಿ ಹಬ್ಬ ಮುಗಿಯುತ್ತಿದ್ದಂತೆ ನಮ್ಮಲ್ಲಿ ಮದುವೆಗಳು ಶುರು. ಛತ್ರ ಸಿಕ್ಕರೆ ಅಡುಗೆಯವರಿಲ್ಲ, ಅಡುಗೆಯವರು ಸಿಕ್ಕರೆ ಫೋಟೋಗ್ರಾಫರ್ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲೂ ಇದೇ ಕಥೆ. ಆದರೆ ಎರಡೂ ಕಾಲದ ಆಲ್ಬಂಗಳನ್ನು ಪಕ್ಕಪಕ್ಕ ಇಟ್ಟು, ಹೊರಗೆ ತೆಗೆದ ಫೋಟೋಗಳನ್ನು ಮಾತ್ರ ನೋಡಿ. ಚಳಿಗಾಲದ ಮುಖಗಳು ಮೆತ್ತಗೆ ಕಾಣುತ್ತವೆ. ತಂಪು, ಮಂಜು ಅಂತ ಜನ ಕಾರಣ ಹೇಳುತ್ತಾರೆ. ಅದೂ ಸ್ವಲ್ಪ ಇದೆ. ದೊಡ್ಡ ಕಾರಣ ಮಾತ್ರ ಸೂರ್ಯ ಎಷ್ಟು ಎತ್ತರಕ್ಕೆ ಏರುತ್ತಾನೆ ಎನ್ನುವುದು.

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ನಡುಹಗಲಲ್ಲಿ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಯಲಲ್ಲಿ ಕೋಲು ನಿಲ್ಲಿಸಿ ನೋಡುವುದು ಆವಾಗಲೇ. ನವೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ನಡುಹಗಲಲ್ಲೂ ಸುಮಾರು 55 ಡಿಗ್ರಿಗಿಂತ ಮೇಲೇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಬೆಳಗ್ಗೆ 10 ಗಂಟೆಗೇ ಅಷ್ಟು ಎತ್ತರ ಬಂದುಬಿಟ್ಟಿರುತ್ತದೆ! ಬೇಸಿಗೆಯ ಹತ್ತು ಗಂಟೆಯ ಬಿಸಿಲು ಎಷ್ಟು ಓರೆಯೋ, ಚಳಿಗಾಲದ ಮಟಮಟ ಮಧ್ಯಾಹ್ನದ ಬಿಸಿಲೂ ಅಷ್ಟೇ ಓರೆ.

ಇದರಿಂದ ಮುಖಕ್ಕೆ ಏನಾಗುತ್ತದೆ? ನೆತ್ತಿಯ ಮೇಲಿನ ಬಿಸಿಲಿನಲ್ಲಿ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ, ಮೂಗಿನ ನೆರಳು ತುಟಿಗೆ. ಮೇಲೆ ಬಾಸಿಂಗ ಬೇರೆ ಕಟ್ಟಿರುತ್ತಾರೆ, ಅದರ ನೆರಳೂ ಸೇರಿ ವರನ ಅರ್ಧ ಮುಖ ಕಪ್ಪು. ಹಣೆ ಮತ್ತು ಬಿಳಿ ಪಂಚೆ ಮಾತ್ರ ಫಳಫಳ. ನಮ್ಮ ಕಣ್ಣು ಎರಡನ್ನೂ ಸರಿದೂಗಿಸಿಕೊಂಡು ನೋಡುತ್ತದೆ. ಕ್ಯಾಮೆರಾ ಸೆನ್ಸರ್‌ಗೆ ಒಂದೇ ಕ್ಲಿಕ್‌ನಲ್ಲಿ ಅಷ್ಟು ಬೆಳಕು, ಅಷ್ಟು ಕತ್ತಲೆ ಎರಡನ್ನೂ ಹಿಡಿಯುವುದು ಕಷ್ಟ. ಓರೆ ಬಿಸಿಲಾದರೆ ಬೆಳಕು ಕಣ್ಣಿನ ಒಳಗೆ ಹೋಗುತ್ತದೆ. ರೇಷ್ಮೆ ಸೀರೆಗೂ ಅದೇ ಒಳ್ಳೆಯದು. ಪಕ್ಕದಿಂದ ಬಂದ ಬೆಳಕಿನಲ್ಲಿ ಪ್ರತಿ ನೆರಿಗೆಗೂ ಒಂದು ಬೆಳಗಿದ ಬದಿ, ಒಂದು ನೆರಳಿನ ಬದಿ ಸಿಗುತ್ತದೆ. ಜರಿ ಎದ್ದು ಕಾಣುವುದು ಹಾಗೆ.

ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಎತ್ತರದೊಳಗೆ ಇರುವಾಗಿನ ಹೊನ್ನಿನ ಬಣ್ಣದ ಬೆಳಕನ್ನು ಫೋಟೋಗ್ರಾಫರ್‌ಗಳು ಗೋಲ್ಡನ್ ಅವರ್ ಅನ್ನುತ್ತಾರೆ. ಗಾಳಿಯ ಅಣುಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಐದಾರು ಪಟ್ಟು ಜಾಸ್ತಿ ಚದುರಿಸುತ್ತವೆ. 1871ರಲ್ಲಿ ಬ್ರಿಟನ್ನಿನ ವಿಜ್ಞಾನಿ ರೇಲಿ ಈ ಲೆಕ್ಕ ಕೊಟ್ಟರು. ದಿಗಂತದಲ್ಲಿರುವ ಸೂರ್ಯನ ಬೆಳಕು ನೆತ್ತಿಯ ಸೂರ್ಯನ ಬೆಳಕಿಗಿಂತ ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ, ನಮಗೆ ತಲುಪುವುದು ಹಳದಿ, ಕೆಂಪು.

ಹೆಸರಿಗೆ ಇದು ಅವರ್. ನಮ್ಮಲ್ಲಿ ಅರ್ಧ ಗಂಟೆಯೂ ಇರುವುದಿಲ್ಲ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಸೂರ್ಯ ಹೆಚ್ಚು ಕಡಿಮೆ ನೇರವಾಗಿ ಇಳಿದುಬಿಡುತ್ತಾನೆ. ನಾರ್ವೆಯ ಓಸ್ಲೋ ನೋಡಿ, 60 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ 21ರಂದು ಅಲ್ಲಿ ಮಧ್ಯಾಹ್ನದ ಸೂರ್ಯನೇ 7 ಡಿಗ್ರಿ ದಾಟುವುದಿಲ್ಲ. ಆರು ಗಂಟೆಯ ಹಗಲು, ಹೆಚ್ಚುಕಡಿಮೆ ಪೂರ್ತಿ ಹೊನ್ನಿನ ಬೆಳಕು. ನೆಲದಲ್ಲಿ ಹಿಮ ಇದ್ದರಂತೂ ಮುಗಿದೇ ಹೋಯಿತು. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ, ಗಲ್ಲದ ಕೆಳಗಿನ ನೆರಳೂ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಹಿಮದ ಕೆಲಸ ಮಾಡುವುದು ರಿಫ್ಲೆಕ್ಟರ್ ಹಿಡಿದು ಬಗ್ಗಿ ಕೂತ ಅಸಿಸ್ಟೆಂಟ್ ಹುಡುಗ. ಇನ್‌ಸ್ಟಾಗ್ರಾಂನಲ್ಲಿ ಯುರೋಪಿನ ಫೋಟೋ ತೋರಿಸಿ ‘ನಮಗೂ ಹೀಗೇ ಬೇಕು’ ಅನ್ನುವವರು ಆ ಹುಡುಗನ ಬಗ್ಗೆ ಸ್ವಲ್ಪ ಯೋಚಿಸಬೇಕು, ಅಲ್ವಾ?

ಇನ್ನು ಮಂಜು. ಕೊಡಗು, ಚಿಕ್ಕಮಗಳೂರಿನ ಕಡೆ ಮೋಡವಿಲ್ಲದ ಉದ್ದನೆ ರಾತ್ರಿಯಲ್ಲಿ ನೆಲ ಶಾಖ ಬಿಟ್ಟು ತಣ್ಣಗಾಗುತ್ತದೆ, ನೆಲದ ಹತ್ತಿರದ ಗಾಳಿಯಲ್ಲಿರುವ ಆವಿ ಹನಿಯಾಗುತ್ತದೆ. ಈ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಹಾಗಾಗಿ ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸಿ ಬೆಳ್ಳಗೆ ಕಾಣುತ್ತವೆ. ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಮುಖದ ಮೇಲೆ ಗಟ್ಟಿ ನೆರಳೇ ಇರುವುದಿಲ್ಲ. ಚೆಂದವೇನೋ ಹೌದು, ಬಿಸಿಲೇರಿದರೆ ಮಾಯ. ಇದನ್ನು ನಂಬಿ ಮದುವೆ ದಿನ ಗೊತ್ತು ಮಾಡುವುದು ಜೂಜು.

ಒಂದು ತಮಾಷೆ ಇದೆ. ನಮ್ಮಲ್ಲಿ ನಡುಹಗಲಿನ ಸೂರ್ಯ ಅತಿ ಕೆಳಗಿರುವುದು ಡಿಸೆಂಬರ್ 21, 22ರ ಸುಮಾರಿಗೆ. ಅದು ಧನುರ್ಮಾಸ, ಮದುವೆಗಳೇ ಇಲ್ಲ! ಸಂಕ್ರಾಂತಿ ಕಳೆದು ಫೆಬ್ರುವರಿಯ ಮುಹೂರ್ತ ಬರುವಷ್ಟರಲ್ಲಿ ಸೂರ್ಯ ಮತ್ತೆ 60 ಡಿಗ್ರಿ ದಾಟಿರುತ್ತಾನೆ. ಬರೀ ಬೆಳಕಿನ ಲೆಕ್ಕ ಹಾಕಿದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರಗಳೇ ವಾಸಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಜಿಟಿಜಿಟಿ ಮಳೆ ಹಿಡಿಯುವುದೂ ಇದೇ ದಿನಗಳಲ್ಲಿ. ಅದು ಬೇರೆ ಮಾತು.

ಸೂರ್ಯ ಮುಳುಗಿದ ಮೇಲಿನ ಹೊತ್ತು ಇನ್ನೂ ಸೊಗಸು. ಆಗ ಆಕಾಶದ ಗಾಢ ನೀಲಿಗೆ ರೇಲಿ ಹೇಳಿದ ಕಾರಣವೊಂದೇ ಸಾಲದು. ಎತ್ತರದಲ್ಲಿರುವ ಓಝೋನ್ ಪದರದೊಳಗೆ ಬೆಳಕು ಉದ್ದಕ್ಕೂ ಸಾಗಿ ಬರುತ್ತದೆ, ಓಝೋನ್ ಅದರಲ್ಲಿನ ಹಳದಿ, ಕಿತ್ತಳೆಯನ್ನು ಹೀರಿಕೊಳ್ಳುತ್ತದೆ. ನಡುನೆತ್ತಿಯ ಮುಸ್ಸಂಜೆ ನೀಲಿಗೆ ಮುಖ್ಯವಾಗಿ ಇದೇ ಕಾರಣ ಎಂದು ಅಮೆರಿಕದ ಭೌತವಿಜ್ಞಾನಿ ಹಲ್ಬರ್ಟ್ 1953ರಲ್ಲಿ ತೋರಿಸಿದರು. ಆ ನೀಲಿಯ ಮುಂದೆ ಛತ್ರದ ಸೀರಿಯಲ್ ಸೆಟ್ಟಿನ ಹಳದಿ ದೀಪ. ಎರಡರ ಪ್ರಖರತೆ ಸರಿಸಮ ಇರುವುದು ಹತ್ತು, ಹದಿನೈದು ನಿಮಿಷ ಅಷ್ಟೇ. ಆಮೇಲೆ ಕ್ಯಾಮೆರಾದಲ್ಲಿ ಆಕಾಶ ಬರೀ ಕಪ್ಪು.

ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು 5:50ರ ಆಸುಪಾಸು. ಹೊನ್ನಿನ ಬೆಳಕು, ನೀಲಿ ಬೆಳಕು ಎರಡೂ ಬೇಕಾದರೆ ಗಂಡು ಹೆಣ್ಣು 5:15ಕ್ಕೆ ಹೊರಗೆ ನಿಂತಿರಬೇಕು, 6:15ರವರೆಗೂ ಬಿಡುವಾಗಿರಬೇಕು. ಸಾಮಾನ್ಯವಾಗಿ ಆ ಹೊತ್ತಿಗೆ ಹುಡುಗಿ ರೂಮಿನಲ್ಲಿ ಮೇಕಪ್‌ಗೆ ಕೂತಿರುತ್ತಾಳೆ. ಆರತಕ್ಷತೆ 6:30ಕ್ಕೆ ಅಂತ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಬದಲು 7:30 ಅಂತ ಹಾಕಿಸಿ. ನೆಂಟರು ಹೇಗೂ ಎಂಟಕ್ಕೆ ಮುಂಚೆ ಬರುವುದಿಲ್ಲ.