ಉಪ್ಪಿನ ನೆಂಟ

"ಎರಡೂ ಕೈ ಮುಂದೆ ಚಾಚಿ ಅಣ್ಣ, ಬೆರಳು ಅಗಲಿಸಿ."

ಮನೋರೋಗ ವಾರ್ಡಿನಲ್ಲಿ ಬೆಳಗಿನ ಮಾತ್ರೆ ಕೊಡುವ ಮೊದಲು ಕೆಲವರಿಗೆ ನಾನು ದಿನಾ ಹೇಳುವ ಮಾತಿದು. ಚಾಚಿದ ಬೆರಳುಗಳ ಮೇಲೆ ಒಂದು ತೆಳು ಕಾಗದ ಇಡುತ್ತೇನೆ. ಕಾಗದದ ಅಂಚು ಸಣ್ಣಗೆ ಅದುರಿದರೆ ಬರೆದುಕೊಂಡು ಮಾತ್ರೆ ಕೊಡುತ್ತೇನೆ. ಕೈಯೇ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡೆದು ಬರುವಾಗ ಕಾಲು ತೂರಾಡಿದರೆ ಮಾತ್ರೆ ಟ್ರೇಯಲ್ಲೇ ಉಳಿಯುತ್ತದೆ. ಡ್ಯೂಟಿ ಡಾಕ್ಟರಿಗೆ ತಕ್ಷಣ ಫೋನ್ ಹೋಗುತ್ತದೆ.

ಆ ಮಾತ್ರೆಯ ಹೆಸರು ಲಿಥಿಯಂ. ಬೈಪೋಲಾರ್ ಕಾಯಿಲೆಗೆ ಕೊಡುವ ಹಳೆಯ, ಇವತ್ತಿಗೂ ಬಹಳ ನಂಬಿಕೆಯ ಔಷಧಿ. ಈ ಕಾಯಿಲೆಯಲ್ಲಿ ಮನಸ್ಸು ಎರಡು ತುದಿಗೆ ಹೋಗುತ್ತದೆ. ಒಂದು ತುದಿಯಲ್ಲಿ ಮೇನಿಯಾ: ನಿದ್ದೆ ಬೇಡ, ಮಾತು ನಿಲ್ಲುವುದಿಲ್ಲ, ಕೈಯಲ್ಲಿದ್ದ ಹಣವೂ ಸಾಲದ ಹಣವೂ ಖಾಲಿ. ಇನ್ನೊಂದು ತುದಿಯಲ್ಲಿ ಖಿನ್ನತೆ: ಹಾಸಿಗೆ ಬಿಟ್ಟು ಏಳುವುದೇ ಬೆಟ್ಟ ಹತ್ತಿದ ಹಾಗೆ. ಲಿಥಿಯಂ ಈ ಏರಿಳಿತವನ್ನು ತಗ್ಗಿಸುತ್ತದೆ. ಆತ್ಮಹತ್ಯೆಯ ಅಪಾಯವನ್ನೂ ಕಡಿಮೆ ಮಾಡುತ್ತದೆ.

ಹಾಗಂತ ಇದೇನು ಯಾರೋ ಬುದ್ಧಿ ಖರ್ಚು ಮಾಡಿ ಕಟ್ಟಿದ ಅಣು ಅಲ್ಲ. ಲಿಥಿಯಂ ಒಂದು ಲೋಹ, ಮಾತ್ರೆಯಲ್ಲಿರುವುದು ಅದರ ಲವಣ. ಶಾಲೆಯಲ್ಲಿ ನೋಡಿದ ಮೂಲಧಾತುಗಳ ಪಟ್ಟಿ ನೆನಪಿದೆಯಾ? ಅದರಲ್ಲಿ ಲಿಥಿಯಂ ಇರುವುದು ಸೋಡಿಯಂನ ನೇರ ಮೇಲಿನ ಮನೆಯಲ್ಲಿ. ಸೋಡಿಯಂ ಅಂದರೆ ನಮ್ಮ ಅಡುಗೆ ಉಪ್ಪಿನ ಅರ್ಧ ಭಾಗ. ಇಬ್ಬರೂ ಹತ್ತಿರದ ನೆಂಟರು. ಈ ನೆಂಟಸ್ತಿಕೆ ತಿಳಿದರೆ ನರ್ಸುಗಳು ರೋಗಿಗಳಿಗೆ ಉಪ್ಪು, ನೀರು, ಬೆವರು, ಭೇದಿ ಅಂತ ಪದೇಪದೇ ಯಾಕೆ ಕೇಳುತ್ತಾರೆ ಅನ್ನುವುದು ಅರ್ಥವಾಗುತ್ತದೆ.

ಮೊದಲು ಇದರ ಕಥೆ ಹೇಳುತ್ತೇನೆ. ಜಾನ್ ಕೇಡ್ ಆಸ್ಟ್ರೇಲಿಯಾದ ಡಾಕ್ಟರ್. ಎರಡನೇ ಮಹಾಯುದ್ಧದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಕಾಲ ಸಿಂಗಪುರದ ಚಾಂಗಿಯಲ್ಲಿ ಸೆರೆಯಾಳಾಗಿದ್ದರು. ಬಿಡುಗಡೆಯಾಗಿ ಬಂದ ಮೇಲೆ ಮೆಲ್ಬರ್ನ್ ಹತ್ತಿರದ ಬಂಡೂರಾ ಆಸ್ಪತ್ರೆ ಸೇರಿದರು. ಅಲ್ಲಿ ಬಳಸದೆ ಬಿಟ್ಟಿದ್ದ ಒಂದು ಅಡುಗೆಕೋಣೆಯೇ ಅವರ ಪ್ರಯೋಗಾಲಯ. ಮೇನಿಯಾ ಇರುವವರ ಮೂತ್ರದಲ್ಲಿ ಏನೋ ವಿಷ ಇರಬೇಕು ಅನ್ನುವುದು ಅವರ ಅನುಮಾನ. ಅದನ್ನು ಪರೀಕ್ಷಿಸುವಾಗ ಮೂತ್ರದಲ್ಲಿರುವ ಯೂರಿಕ್ ಆಮ್ಲ ನೀರಿನಲ್ಲಿ ಚೆನ್ನಾಗಿ ಕರಗಲಿ ಅಂತ ಲಿಥಿಯಂ ಸೇರಿಸಿದರು. ಚುಚ್ಚುಮದ್ದು ಪಡೆದ ಗಿನಿಪಿಗ್‌ಗಳು ಸುಮ್ಮನೆ ಮಲಗಿಬಿಟ್ಟವು. ಅನುಮಾನ ಸುಳ್ಳಾಯಿತು. ಆದರೆ ಕೇಡ್ ಅವರ ಕಣ್ಣು ಲಿಥಿಯಂ ಮೇಲೆ ಬಿತ್ತು. ಮೊದಲು ತಾವೇ ನುಂಗಿ ನೋಡಿದರು. 1948ರಲ್ಲಿ ಐದು ವರ್ಷದಿಂದ ಮೇನಿಯಾದಲ್ಲಿದ್ದ 51 ವರ್ಷದ ಒಬ್ಬರಿಗೆ ಕೊಟ್ಟರು. ಆ ಮನುಷ್ಯ ಕೆಲವೇ ತಿಂಗಳಲ್ಲಿ ಮನೆಗೆ ಹೋದರು, ಹಳೆಯ ಕೆಲಸಕ್ಕೂ ಸೇರಿದರು. ಮರುವರ್ಷ ಹತ್ತು ಮಂದಿ ಮೇನಿಯಾ ರೋಗಿಗಳ ವಿವರ ಇರುವ ಕೇಡ್ ಅವರ ಲೇಖನ ಅಚ್ಚಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ನಾನು ಮುಂದಿನದನ್ನೂ ಹೇಳುತ್ತೇನೆ. ಮನೆಗೆ ಹೋದ ಆ ಮೊದಲ ರೋಗಿ, ಚೆನ್ನಾಗಿದ್ದೇನಲ್ಲ ಅಂತ ಮಾತ್ರೆ ಬಿಟ್ಟರು. ಆರು ತಿಂಗಳೊಳಗೆ ಮತ್ತೆ ವಾರ್ಡಿಗೆ ಬಂದರು. ಪುನಃ ಲಿಥಿಯಂ ಶುರುವಾಯಿತು. ಈ ಸಲ ಅದು ಮೈಯಲ್ಲಿ ಶೇಖರವಾಗುತ್ತಾ ಹೋಗಿ ವಿಷವಾಯಿತು. 1950ರಲ್ಲಿ ಅವರು ತೀರಿಕೊಂಡರು. ಬದುಕು ಕೊಟ್ಟ ಔಷಧಿಯೇ ಜೀವ ತೆಗೆಯಿತು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆದು ನೋಡುವ ಪದ್ಧತಿ ಆಗ ಆ ವಾರ್ಡಿನಲ್ಲಿ ಇರಲಿಲ್ಲ.

ಈಗ ಇದೆ. ಲೀಟರ್ ರಕ್ತಸಾರಕ್ಕೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ. ಮೇನಿಯಾ ಜೋರಾಗಿರುವಾಗ 1.2ರವರೆಗೂ ಹೋಗಬಹುದು. 1.5 ದಾಟಿದರೆ ವಿಷದ ಲಕ್ಷಣಗಳು ಶುರು. 2 ದಾಟಿದರೆ ಜೀವಕ್ಕೇ ಅಪಾಯ. ಗಮನಿಸಿ, ಗುಣಕ್ಕೂ ವಿಷಕ್ಕೂ ನಡುವೆ ಇರುವುದು ಒಂದು ಹೆಜ್ಜೆಯಷ್ಟು ಜಾಗ. ಬೇರೆ ಎಷ್ಟೋ ಮಾತ್ರೆಗಳಲ್ಲಿ ಒಂದು ಹೆಚ್ಚು ನುಂಗಿದರೂ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ.

ಈ ಪರೀಕ್ಷೆಯ ಸತ್ಯ ಸುಳ್ಳು ಅರ್ಧದಷ್ಟು ನರ್ಸಿನ ಕೈಯಲ್ಲಿದೆ. ರಾತ್ರಿಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ, ಬೆಳಗಿನ ಮಾತ್ರೆ ಕೊಡುವ ಮುಂಚೆ ರಕ್ತ ತೆಗೆಯಬೇಕು. ಮಾತ್ರೆ ಕೊಟ್ಟು ತೆಗೆದರೆ ಅಂಕಿ ಸುಮ್ನೆ ಮೇಲೇರುತ್ತದೆ. ಇನ್ನೊಂದು ವಿಷಯ ಪುಸ್ತಕದಲ್ಲಿ ಓದಿ ಮರೆಯುವಂಥದ್ದು. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೆಲವು ಟ್ಯೂಬುಗಳಿಗೆ ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಹೆಸರಲ್ಲೇ ಇದೆ ನೋಡಿ. ಆ ಟ್ಯೂಬಿನಲ್ಲಿ ರಕ್ತ ಕಳಿಸಿದರೆ ರೋಗಿಯ ಲಿಥಿಯಂ ಜೊತೆ ಟ್ಯೂಬಿನ ಲಿಥಿಯಂ ಕೂಡ ಸೇರಿ ರಿಪೋರ್ಟ್ ಬರುತ್ತದೆ. ಚೆನ್ನಾಗಿರುವವರ ಮಾತ್ರೆಯನ್ನು ಸುಮ್ಮಸುಮ್ಮನೆ ನಿಲ್ಲಿಸುವ ಹಾಗಾಗುತ್ತದೆ.

ಇನ್ನು ಉಪ್ಪಿನ ವಿಷಯ. ಲಿಥಿಯಂ ಲಿವರ್‌ನಲ್ಲಿ ಒಡೆಯುವುದಿಲ್ಲ. ಅದು ಹೊರಗೆ ಹೋಗುವ ದಾರಿ ಹೆಚ್ಚೂಕಡಿಮೆ ಒಂದೇ, ಮೂತ್ರಪಿಂಡ. ಮೂತ್ರಪಿಂಡ ರಕ್ತವನ್ನು ಸೋಸುವಾಗ ಸೋಡಿಯಂನ ಬಹುಪಾಲನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವಾಗ ಲಿಥಿಯಂ ಕೂಡ ಜೊತೆಗೇ ಒಳಗೆ ಬರುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಮೂತ್ರಪಿಂಡ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಅದೇ ಎರಡು ಮಾತ್ರೆ, ಅದೇ ಹೊತ್ತು, ಆದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೃದಯದ ಕಾಯಿಲೆಯವರಿಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರುತ್ತಿದ್ದರು. ಉಪ್ಪು ಬಿಟ್ಟವರು ಅದನ್ನೇ ಊಟಕ್ಕೆ ಉದುರಿಸಿಕೊಂಡರು. ಕೆಲವರು ಸತ್ತರು. 1949ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು.

ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್, ಮೇ ನೆನೆಸಿಕೊಳ್ಳಿ. 40 ಡಿಗ್ರಿ ದಾಟುವ ಬಿಸಿಲಲ್ಲಿ ಹೊಲದಲ್ಲೋ ಕಟ್ಟಡದ ಮೇಲೋ ಕೆಲಸ. ಬೆವರಿನಲ್ಲಿ ನೀರೂ ಹೋಯಿತು, ಉಪ್ಪೂ ಹೋಯಿತು. ಒಂದು ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದ ಅಮ್ಮನೊಬ್ಬರನ್ನು ನಾನು ಮರೆತಿಲ್ಲ. ವರ್ಷಗಳಿಂದ ಲಿಥಿಯಂ ಮೇಲೆ ಚೆನ್ನಾಗಿದ್ದವರು. ಬಂದಾಗ ನಾಲಿಗೆ ತೊದಲುತ್ತಿತ್ತು, ನೇರ ನಿಲ್ಲಲು ಆಗುತ್ತಿರಲಿಲ್ಲ. "ಮಾತ್ರೆ ಸರಿಯಾಗೇ ಕೊಟ್ಟಿದ್ದೀನಿ ಸಿಸ್ಟರ್, ಒಂದು ದಿನಾನೂ ತಪ್ಪಿಸಿಲ್ಲ" ಅಂದ ಮಗ. ಅವನು ಹೇಳಿದ್ದು ನಿಜ. ಕೇಳುತ್ತಾ ಹೋದ ಮೇಲೆ ಒಂದೊಂದೇ ಹೊರಬಂತು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಹತ್ತು ದಿನದಿಂದ ನುಂಗುತ್ತಿದ್ದರು. ನಡುವೆ ಎರಡು ದಿನ ಭೇದಿ ಆಗಿತ್ತು. ಬಿಪಿ ಇದೆ ಅಂತ ಯಾರೋ ಹೇಳಿದ್ದಕ್ಕೆ ಸಾರಿಗೆ ಉಪ್ಪನ್ನೇ ಬಿಟ್ಟಿದ್ದರು. ಮೂರೂ ಲಿಥಿಯಂ ಏರಿಸುವಂಥವೇ. ಡ್ರಿಪ್ ಹಾಕಿ, ಮಾತ್ರೆ ನಿಲ್ಲಿಸಿ, ಮತ್ತೆ ಮತ್ತೆ ರಕ್ತ ನೋಡಿ, ಅವರು ಉಳಿದರು. ಅವರ ಹಳೆಯ ಫೈಲ್ ತಿರುವಿದೆ. ಹಿಂದಿನ ಸಲ ಬಿಡುಗಡೆ ಮಾಡುವಾಗ "ಔಷಧಿ ತಪ್ಪಿಸಬಾರದು" ಅಂತಷ್ಟೇ ಬರೆದಿತ್ತು. ಕೆಳಗಿನ ಸಹಿ ನನ್ನದು.

ಆಮೇಲಿಂದ ನಾನು ಬಿಡಿಸಿ ಬಿಡಿಸಿ ಹೇಳುತ್ತೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ, ಕೆಲವು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇವು ಯಾವುದನ್ನೂ ಡಾಕ್ಟರಿಗೆ "ಲಿಥಿಯಂ ತಗೊಳ್ತಿದ್ದೀನಿ" ಅಂತ ಹೇಳದೆ ಮುಟ್ಟಬೇಡಿ. ವಾಂತಿ ಭೇದಿ ಆದರೆ ಅವತ್ತೇ ಫೋನ್ ಮಾಡಿ. ಏಕಾದಶಿ, ರಂಜಾನ್ ಉಪವಾಸ ಇದ್ದರೆ ಮೊದಲೇ ತಿಳಿಸಿ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಲಿಥಿಯಂ ತಿನ್ನುವವರಿಗೂ ಬಾಯಾರಿಕೆ ಜಾಸ್ತಿ, ಮೂತ್ರವೂ ಜಾಸ್ತಿ. ಮೂತ್ರಕ್ಕೆ ಎದ್ದು ಎದ್ದು ಸಾಕಾಯಿತು ಅಂತ ನೀರು ಕಡಿಮೆ ಮಾಡುವವರಿದ್ದಾರೆ. ಅದನ್ನು ಮಾಡಲೇಬಾರದು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಆಗಾಗ ಬೇಕು.

ಬೈಪೋಲಾರ್‌ಗೆ ಬೇರೆ ಔಷಧಿಗಳೂ ಇವೆ. ವ್ಯಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು. ಲ್ಯಾಮೊಟ್ರಿಜಿನ್ ಶುರು ಮಾಡಿದವರ ಮೈಮೇಲೆ ಗಂದೆ ಎದ್ದರೆ ಆ ದಿನವೇ ತೋರಿಸಬೇಕು.

ಖಿನ್ನತೆಯ ಮಾತ್ರೆಗಳ ಗುಣ ಬೇರೆ. ಅಲ್ಲಿ ನಾವು ಕಾಯುವುದು ದಿನಗಳನ್ನು. ಫ್ಲೂಯೊಕ್ಸೆಟಿನ್, ಎಸ್ಸಿಟಲೋಪ್ರಾಮ್ ಥರದವು ಮೆದುಳಿನ ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರು ಮಾಡುತ್ತವೆ. ಮನಸ್ಸು ಹಗುರಾಗಲು ಮಾತ್ರ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ನರಕೋಶಗಳು ಹೊಸ ಸ್ಥಿತಿಗೆ ಒಗ್ಗಿಕೊಳ್ಳಲು ಹಿಡಿಯುವ ಸಮಯ ಅದು. ಆದರೆ ವಾಕರಿಕೆ, ತಲೆನೋವು ಮೊದಲ ವಾರವೇ ಬರುತ್ತವೆ. ತೊಂದರೆ ಮೊದಲು, ಲಾಭ ಆಮೇಲೆ. ಬಹಳ ಜನ ಮಾತ್ರೆ ಬಿಡುವುದು ಈ ಗ್ಯಾಪಿನಲ್ಲೇ. ಇದನ್ನು ಮೊದಲ ದಿನವೇ ಹೇಳಿದರೆ ಅವರು ಕಾಯುತ್ತಾರೆ.

ನಮಗೆ ಹೆಚ್ಚು ಭಯ ಇರುವುದು ಆ ವಾರಗಳಲ್ಲೇ. ಕೆಲವರಿಗೆ ಮೈಗೆ ಚೈತನ್ಯ ಮೊದಲು ಬರುತ್ತದೆ, ಮನಸ್ಸಿನ ಕತ್ತಲು ಆಮೇಲೆ ಕರಗುತ್ತದೆ. ಏಳಲೂ ಆಗದವರು ಎದ್ದು ಓಡಾಡುತ್ತಾರೆ, ಸಾಯಬೇಕು ಅನ್ನುವ ಯೋಚನೆ ಮಾತ್ರ ಇನ್ನೂ ಒಳಗೇ ಇರುತ್ತದೆ. ಮನೆಯವರು "ಹುಷಾರಾದ್ರು" ಅಂತ ನಿರಾಳವಾಗುವ ಹೊತ್ತಿನಲ್ಲಿ ನಾವು ಇನ್ನಷ್ಟು ಹತ್ತಿರ ಇರುತ್ತೇವೆ. 25ರೊಳಗಿನ ಹುಡುಗ ಹುಡುಗಿಯರಲ್ಲಂತೂ ಇನ್ನೂ ಎಚ್ಚರ ಬೇಕು. ನೇರವಾಗಿ ಕೇಳುತ್ತೇವೆ: "ಸಾಯಬೇಕು ಅನ್ನಿಸುತ್ತಾ?" ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ತಪ್ಪು. ಕೇಳಿದಾಗ ಎಷ್ಟೋ ಜನ ಅತ್ತುಬಿಡುತ್ತಾರೆ, ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವರ ಹಾಗೆ. ಮನೆಯಲ್ಲಿ ಇಂಥ ಹೊತ್ತು ಬಂದರೆ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಮಾತ್ರೆ ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸಿ ಅನ್ನುವುದೂ ಇದಕ್ಕೇ. ಒಂದೊಂದೇ ಬಚ್ಚಿಟ್ಟು ಕೂಡಿಸಿಕೊಳ್ಳುವವರು ಇರುತ್ತಾರೆ. ಅಮಿಟ್ರಿಪ್ಟಿಲಿನ್ ಥರದ ಹಳೆಯ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅಪಾಯ ಕಂಡರೆ ಮನೆಗೂ ಒಂದು ವಾರದಷ್ಟೇ ಕೊಡುತ್ತಾರೆ, ಅದೂ ಮನೆಯವರ ಕೈಗೆ.

ಇನ್ನೊಂದು ಕಡೆಯೂ ಕಣ್ಣಿಡಬೇಕು. ಖಿನ್ನತೆ ಅಂತ ಬಂದವರಿಗೆ ಒಳಗೆ ಬೈಪೋಲಾರ್ ಇರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವೊಮ್ಮೆ ಮೇನಿಯಾ ಏಳುತ್ತದೆ. ಡಾಕ್ಟರ್ ಬರುವುದು ದಿನಕ್ಕೆ ಒಂದೆರಡು ಸಲ. ಬೆಳಗಿನ ಜಾವ ಮೂರಕ್ಕೇ ಎದ್ದು ಸ್ನಾನ ಮುಗಿಸಿ ಪಕ್ಕದ ಹಾಸಿಗೆಯವರಿಗೆ ಬಿಸಿನೆಸ್ ಪ್ಲಾನ್ ಹೇಳುತ್ತಾ ಕೂತವರನ್ನು ಮೊದಲು ನೋಡುವುದು ನೈಟ್ ಡ್ಯೂಟಿಯ ಸಿಸ್ಟರ್. "ರಾತ್ರಿ 2 ಗಂಟೆ ನಿದ್ದೆ, ಮಾತು ಜಾಸ್ತಿ" ಅಂತ ಆಕೆ ಬರೆಯುವ ಒಂದು ಸಾಲಿನಿಂದ ಚಿಕಿತ್ಸೆಯೇ ಬದಲಾಗುವುದನ್ನು ನೋಡಿದ್ದೇನೆ.

ಬೇಸಿಗೆಯಲ್ಲಿ ಬಂದಿದ್ದ ಆ ಅಮ್ಮ ಮನೆಗೆ ಹೊರಟ ದಿನ ಮಗನನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಕೊನೆಗೆ ಅವರು ಮೆಲ್ಲಗೆ ಕೇಳಿದರು, "ಹಂಗಾದ್ರೆ ಉಪ್ಪಿನಕಾಯಿ ತಿನ್ಲಾ, ಬಿಡ್ಲಾ?"

"ಮೊದಲು ದಿನಾ ಎಷ್ಟು ತಿಂತಿದ್ರಿ ಅಮ್ಮ?"

"ಊಟಕ್ಕೆ ಒಂದು ಹೋಳು."

"ಹಾಗಾದ್ರೆ ಒಂದೇ ಹೋಳು. ಸಾರಿಗೆ ಮೊದಲು ಹಾಕ್ತಿದ್ದಷ್ಟೇ ಉಪ್ಪು. ಒಂದು ದಿನ ಜಾಸ್ತಿ, ಒಂದು ದಿನ ಬಿಡೋದು, ಹಾಗೆ ಮಾಡಬೇಡಿ. ಬಿಪಿಗೆ ಏನು ಮಾಡಬೇಕು ಅಂತ ಡಾಕ್ಟರೇ ಹೇಳ್ತಾರೆ."

ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಅವತ್ತು ಬೆಳಗಿನ ಮಾತ್ರೆ ನುಂಗದೆ ಬನ್ನಿ, ಮಾತ್ರೆ ಜೊತೆಗೆ ತನ್ನಿ.