ಹಂಪೆಯ ಅರಮನೆಗಳು ಎಲ್ಲಿ ಹೋದವು?

ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿರುವ ನನ್ನಂಥವರಿಗೆ ಹಂಪೆ ನೋಡಲು ಬಂದವರು ಹೆಚ್ಚಾಗಿ ಕೇಳುವ ಪ್ರಶ್ನೆಯೆಂದರೆ, ಇಷ್ಟೊಂದು ದೇವಾಲಯಗಳು ನಿಂತಿರುವಾಗ ಅರಮನೆಗಳು ಮಾತ್ರ ಏಕೆ ಉಳಿದಿಲ್ಲ ಎಂಬುದು. ವಿಜಯನಗರ ಸೋತ 1565ರ ರಕ್ಕಸತಂಗಡಿ ಯುದ್ಧದ ನಂತರ ನಡೆದ ಸೂರೆಯನ್ನು ಕಾರಣವಾಗಿ ಹೇಳಿ ಮುಗಿಸುವುದು ಸುಲಭ. ಆದರೆ ಉತ್ತರದ ದೊಡ್ಡ ಪಾಲು ಕಟ್ಟಡದ ಸಾಮಗ್ರಿಯಲ್ಲಿದೆ. ದೇವಾಲಯಗಳಲ್ಲಿ ಗೋಪುರದ ಮೇಲ್ಭಾಗಕ್ಕೆ ಇಟ್ಟಿಗೆ ಮತ್ತು ಗಾರೆಯನ್ನು ಬಳಸಿದರೂ ಗೋಡೆ, ಕಂಬ, ಚಾವಣಿಗಳೆಲ್ಲ ಕಲ್ಲಿನವು. ಅರಮನೆಗಳಲ್ಲಾದರೋ ಕಲ್ಲಿನ ಜಗತಿಯ, ಅಂದರೆ ಎತ್ತರದ ಕಟ್ಟೆಯ, ಮೇಲೆ ಮರದ ಕಂಬ ತೊಲೆಗಳನ್ನು ನಿಲ್ಲಿಸಿ ಉಳಿದುದನ್ನು ಇಟ್ಟಿಗೆ ಗಾರೆಗಳಲ್ಲಿ ಕಟ್ಟುತ್ತಿದ್ದರು. ಬೆಂಕಿ, ಗೆದ್ದಲು, ಮಳೆಗಳಿಗೆ ಮರ ಹೋಯಿತು, ಜಗತಿ ಉಳಿಯಿತು.

ಕಮಲಮಹಲ್ ಮತ್ತು ಆನೆಲಾಯಗಳು ಇಂದಿಗೂ ನಿಂತಿರುವುದಕ್ಕೆ ಕಾರಣವೂ ಇಲ್ಲಿಯೇ ಸಿಗುತ್ತದೆ. ಇವುಗಳ ಭಾರವನ್ನು ಹೊರುವುದು ಕಮಾನು ಮತ್ತು ಗುಮ್ಮಟಗಳೇ ಹೊರತು ಮರದ ತೊಲೆಗಳಲ್ಲ. ಆನೆಲಾಯದ ಹನ್ನೊಂದು ಕೋಣೆಗಳ ಮೇಲಿನ ಚಾವಣಿಯನ್ನು ಒಳಗಿನಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಆದ್ದರಿಂದ ಅರಮನೆಗಳ ಜಗತಿಗಳಿರುವ ರಾಜಪ್ರಾಂಗಣದಲ್ಲಿ ಕಣ್ಣು ನೆಲದ ಮೇಲಿರಬೇಕು. ಮಹಾನವಮಿ ದಿಬ್ಬವನ್ನು ಹತ್ತಿ ಸುತ್ತ ನೋಡಿ ಇಳಿದುಬಿಡುವವರು ಹತ್ತಿರದಲ್ಲೇ ಇರುವ ನೂರು ಕಂಬಗಳ ಸಭಾಭವನವನ್ನು ಖಾಲಿ ಕಟ್ಟೆಯೆಂದು ತಿಳಿದು ದಾಟಿ ಹೋಗುತ್ತಾರೆ. ಅಲ್ಲಿ ಹತ್ತು ಹತ್ತರ ಸಾಲಿನಲ್ಲಿರುವ ಕಂಬದ ನೆಲೆಗಳನ್ನು ಗಮನಿಸಿ, ಈಗ ಎಲ್ಲಿಗೂ ತಲುಪದೆ ನಿಂತಿರುವ ಮೆಟ್ಟಿಲುಗಳನ್ನೂ ನೋಡಿದರೆ, ಮೇಲೊಂದು ಅಂತಸ್ತು ಇದ್ದುದು ತಿಳಿಯುತ್ತದೆ.

ಜಗತಿಗಳ ನಡುವೆ ಇನ್ನೊಂದು ಸಾಕ್ಷ್ಯ ನೀರಿನದು. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಅದರ ಕಪ್ಪು ಕಲ್ಲುಗಳ ಮೇಲಿರುವ ಅಕ್ಷರ ಮತ್ತು ಅಂಕೆಗಳನ್ನು ನೋಡುವವರು ಕಡಿಮೆ. ಯಾವ ಕಲ್ಲು ಯಾವ ದಿಕ್ಕಿನ ಎಷ್ಟನೆಯ ಸಾಲಿಗೆ ಸೇರಬೇಕೆಂದು ಸೂಚಿಸುವ ಗುರುತುಗಳವು. ಕಲ್ಲುಗಳನ್ನು ಮೊದಲೇ ಅಳತೆಗೆ ಕಡೆದು, ತಂದು ಜೋಡಿಸಿದ್ದಾರೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಪಕ್ಕದಲ್ಲೇ ಕಲ್ಲುಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಯ (ನೀರು ಹರಿಸುವ ತೆರೆದ ಕಾಲುವೆಯ) ಜಾಡನ್ನು ಹಿಡಿದು ನಡೆದರೆ, ಪ್ರಾಂಗಣದ ಕೊಳಗಳಿಗೆಲ್ಲ ನೀರು ಹಂಚುತ್ತಿದ್ದ ಬಗೆ ಅರ್ಥವಾಗುತ್ತದೆ. ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡವನ್ನು ಸುತ್ತುವರಿದ ಕಂದಕವೂ ಈ ವ್ಯವಸ್ಥೆಗೆ ಸೇರಿದ್ದು.

ಬೇಸಾಯದ ನೀರಿನ ಕಥೆ ಬೇರೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಹೊರಟ ‘ತುರ್ತು’ ಎಂಬ ಹೆಸರಿನ ಕಾಲುವೆ ದೇವಾಲಯಗಳ ಪ್ರದೇಶಕ್ಕೂ ಅರಮನೆಗಳ ಪ್ರದೇಶಕ್ಕೂ ನಡುವಿನ ಕಣಿವೆಯಲ್ಲಿ ಹರಿದು, ಇಂದಿಗೂ ಬಾಳೆ ತೋಟಗಳಿಗೂ ಗದ್ದೆಗಳಿಗೂ ನೀರುಣಿಸುತ್ತಿದೆ. ಉಗ್ರನರಸಿಂಹನ ಪಕ್ಕದ ಬಡವಿಲಿಂಗದ ಗುಡಿಯೊಳಗೆ ಸದಾ ನಿಂತಿರುವ ನೀರು ಕಾಲುವೆಯದೇ. ನಗರ ಪಾಳಾದ ಮೇಲೂ ಅದರ ಒಂದು ಅಂಗ ಕೆಲಸ ಮಾಡುತ್ತಲೇ ಇದೆ. ಹಂಪೆಯ ಅತಿ ಮುಖ್ಯ ಸ್ಮಾರಕ ಯಾವುದೆಂದು ಕೇಳಿದರೆ ನಾನು ಈ ಕಾಲುವೆಯನ್ನೇ ಹೆಸರಿಸುತ್ತೇನೆ, ಐವತ್ತು ರೂಪಾಯಿ ನೋಟಿನ ಮೇಲೆ ಕಲ್ಲಿನ ರಥವಿದ್ದರೂ ಸರಿ.

ಒಂದೇ ದಿನ ಕೈಯಲ್ಲಿದ್ದರೆ ಕಮಲಾಪುರದ ವಸ್ತುಸಂಗ್ರಹಾಲಯದಿಂದ ಆರಂಭಿಸುವುದು ಒಳ್ಳೆಯದು. ಅಂಗಳದಲ್ಲಿರುವ ಹಂಪೆಯ ಮಾದರಿಯಲ್ಲಿ ಬೆಟ್ಟ, ಹೊಳೆ, ಕೋಟೆಗಳ ಸಂಬಂಧವನ್ನು ಮನಸ್ಸಿನಲ್ಲಿ ಕೂರಿಸಿಕೊಂಡು, ಬಿಸಿಲೇರಿ ಕಲ್ಲು ಕಾಯುವ ಮುನ್ನ ನೆರಳೇ ಇಲ್ಲದ ರಾಜಪ್ರಾಂಗಣವನ್ನು ಮುಗಿಸಬೇಕು. ಮಧ್ಯಾಹ್ನಕ್ಕೆ ತುಸು ನೆರಳಿರುವ ಹಜಾರರಾಮನ ಗುಡಿ ಮತ್ತು ಆನೆಲಾಯಗಳಿರಲಿ; ವಿರೂಪಾಕ್ಷ ದೇವಾಲಯ ಮತ್ತು ಹೇಮಕೂಟಗಳನ್ನು ಸಂಜೆಗೆ ಇಟ್ಟುಕೊಳ್ಳಬಹುದು.