ಪಾಂಟಿಪ್ಯಾಂಡಿ ಠಾಣೆಯ ಹಾಜರಿ ಪುಸ್ತಕ: ಫೈರ್‌ಮನ್ ಸ್ಯಾಮ್, ಪೆನ್ನಿ ಮತ್ತು ಒಂದು ಪದದ ಜಗಳ

2019ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ಅಗ್ನಿಶಾಮಕ ಸೇವೆ ತನ್ನ ಪ್ರಚಾರ ಕಾರ್ಯಕ್ರಮಗಳಿಂದ ಫೈರ್‌ಮನ್ ಸ್ಯಾಮ್‌ನನ್ನು ಕೈಬಿಟ್ಟಿತು. ಮಕ್ಕಳ ಟೀವಿಯ ಆ ಬೊಂಬೆಯ ವೇಷ ತೊಟ್ಟು ಶಾಲೆ, ಜಾತ್ರೆ, ಠಾಣೆಯ ಮುಕ್ತ ದಿನಗಳಲ್ಲಿ ಮಕ್ಕಳ ಕೈಕುಲುಕುವುದು ಅಲ್ಲಿ ರೂಢಿಯಾಗಿತ್ತು. ಸ್ಯಾಮ್‌ನ ಜಾಗಕ್ಕೆ ಬೆಂಕಿ ನಂದಿಸುವ ಸಿಲಿಂಡರಿನ ಆಕಾರದ ಫ್ರೆಡಿ, ಫಿಲ್ಬರ್ಟ್, ಪೆನೆಲೊಪಿ ಎಂಬ ಮೂರು ಬೊಂಬೆಗಳು ಬಂದವು. ಸೇವೆ ಕೊಟ್ಟ ಕಾರಣ ಸರಳವಾಗಿತ್ತು: 'ಫೈರ್‌ಮನ್' ಎಂಬ ಪದ ಇಂದಿನ ಸಿಬ್ಬಂದಿಯನ್ನು ಬಿಂಬಿಸುವುದಿಲ್ಲ, ಹೆಣ್ಣುಮಕ್ಕಳು ಈ ಕೆಲಸದತ್ತ ನೋಡದಂತೆ ಮಾಡುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಲಂಡನ್ ಅಗ್ನಿಶಾಮಕ ದಳದ ಮೊದಲ ಮಹಿಳಾ ಕಮಿಷನರ್ ಡ್ಯಾನಿ ಕಾಟನ್ ಇದೇ ಮಾತನ್ನು ಎತ್ತಿ ಸಾಕಷ್ಟು ಬೈಗುಳ ತಿಂದಿದ್ದರು. ಮಕ್ಕಳ ಕಾರ್ಟೂನಿಗೂ ರಾಜಕೀಯ ಬೇಕೇ ಎಂದು ಒಂದು ಗುಂಪು ಕೇಳಿತು. ನಾಲ್ಕು ವರ್ಷದ ಮಗು ಮೊದಲು ಕಲಿಯುವುದೇ ಆ ಪದವನ್ನು ಎಂದು ಇನ್ನೊಂದು ಗುಂಪು ಹೇಳಿತು.

ಈ ಜಗಳದಲ್ಲಿ ಇಬ್ಬರೂ ಸ್ಯಾಮ್ ಒಬ್ಬಂಟಿ ಎಂಬಂತೆ ಮಾತಾಡಿದರು. ಸರಣಿಯ ಕಾಲ್ಪನಿಕ ವೆಲ್ಷ್ ಊರು ಪಾಂಟಿಪ್ಯಾಂಡಿಯ ಠಾಣೆಯಲ್ಲಿ ಸ್ಯಾಮ್ ಜೊತೆ ಯಾರು ಯಾರು ಇದ್ದರು, ಯಾರು ಯಾವಾಗ ಸೇರಿದರು ಎಂದು ನೋಡಿದರೆ ಬ್ರಿಟನ್ನಿನ ಹಳ್ಳಿ ಠಾಣೆಗಳ ಚರಿತ್ರೆಯ ಬಹುಪಾಲು ಅಲ್ಲೇ ಸಿಗುತ್ತದೆ.

ಸ್ಯಾಮ್ ಹುಟ್ಟಿದ್ದು ನಿಜವಾದ ಅಗ್ನಿಶಾಮಕರ ತಲೆಯಲ್ಲಿ. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಈ ಕೆಲಸ ಮಾಡಿದ್ದ ಡೇವ್ ಜಿಂಜೆಲ್ ಮತ್ತು ಡೇವ್ ಜೋನ್ಸ್ ಮೂಲ ಕಲ್ಪನೆಯನ್ನು ವೇಲ್ಸ್‌ನ ಅನಿಮೇಷನ್ ನಿರ್ಮಾಪಕ ಮೈಕ್ ಯಂಗ್ ಬಳಿಗೆ ಒಯ್ದರು. ಪಾತ್ರಗಳಿಗೂ ಊರಿಗೂ ರೂಪ ಕೊಟ್ಟವರು ಕಲಾವಿದ, ಬರಹಗಾರ ರಾಬ್ ಲೀ. ಬೊಂಬೆಗಳನ್ನು ಮೇಜಿನ ಮೇಲಿಟ್ಟು, ತುಸು ತುಸು ಕದಲಿಸುತ್ತ, ಚೌಕಟ್ಟು ಚೌಕಟ್ಟಾಗಿ (ಒಂದೊಂದೇ ಬಿಡಿ ಚಿತ್ರವಾಗಿ) ಸೆರೆಹಿಡಿದದ್ದು ಬಂಪರ್ ಫಿಲ್ಮ್ಸ್ ಸಂಸ್ಥೆ. 1987ರ ನವೆಂಬರ್‌ನಲ್ಲಿ ಮೊದಲು ವೆಲ್ಷ್ ಭಾಷೆಯ ಎಸ್‌ಫೋರ್‌ಸಿ ವಾಹಿನಿಯಲ್ಲಿ, ಕೆಲವೇ ದಿನಗಳಲ್ಲಿ ಬಿಬಿಸಿಯಲ್ಲಿ ಇಂಗ್ಲಿಷಿನಲ್ಲಿ ಹತ್ತು ನಿಮಿಷದ ಕಂತುಗಳು ಬಂದವು. ಊರಿನ ಹೆಸರು ಪಾಂಟಿಪ್ರಿದ್ ಮತ್ತು ಟೋನಿಪ್ಯಾಂಡಿ ಎಂಬ ಎರಡು ನಿಜವಾದ ಕಲ್ಲಿದ್ದಲು ಕಣಿವೆ ಊರುಗಳ ಕಸಿ. ವೆಲ್ಷ್‌ನಲ್ಲಿ ಬಿಡಿಸಿ ಓದಿದರೆ ಅರ್ಥವೂ ಕೂಡುತ್ತದೆ: ಉಣ್ಣೆ ಬಟ್ಟೆಯನ್ನು ಕುಟ್ಟಿ ಹದಮಾಡುವ ಗಿರಣಿಯ ಬಳಿಯ ಸೇತುವೆ.

ಜಗಳಕ್ಕೆ ನೇರವಾಗಿ ಸೇರಬೇಕಾದ, ಆದರೆ ಯಾರೂ ಹೆಚ್ಚು ಎತ್ತಿ ಆಡದ ಸಂಗತಿ ಇಲ್ಲೇ ಇದೆ. ವೆಲ್ಷ್‌ನಲ್ಲಿ ಅವನ ಹೆಸರು 'ಸಾಮ್ ತಾನ್'. 'ತಾನ್' ಎಂದರೆ ಬೆಂಕಿ, ಅಷ್ಟೇ. 'ಮನ್' ಇಲ್ಲ, ಗಂಡಸು ಎಂಬ ಸೂಚನೆ ಇಲ್ಲ. ವೇಲ್ಸ್‌ನಲ್ಲಿ ಮನೆತನದ ಹೆಸರುಗಳು ಕಡಿಮೆ. ಒಂದೇ ಬೀದಿಯಲ್ಲಿ ಹತ್ತು ಜನ ಜೋನ್ಸ್ ಇರಬಹುದು. ಹಾಗಾಗಿ ಕಸುಬನ್ನೇ ಹೆಸರಿಗೆ ಅಂಟಿಸಿ ಗುರುತಿಸುವ ಪದ್ಧತಿ ಬೆಳೆಯಿತು. ನಮ್ಮ ಹಳ್ಳಿಗಳಲ್ಲಿ ಪೋಸ್ಟ್ ರಾಮಣ್ಣ, ಡೈರಿ ಸಿದ್ದಮ್ಮ, ಮಿಲ್ ಬಸಪ್ಪ ಅನ್ನುತ್ತೇವಲ್ಲ, ಹಾಗೆ. ಗಂಡಸಿನ ಗುರುತು ಹೊತ್ತ ಪದ ಬಂದದ್ದು ಇಂಗ್ಲಿಷ್ ಹೆಸರಿನೊಂದಿಗೆ. ಕನ್ನಡದಲ್ಲಿ 'ಅಗ್ನಿಶಾಮಕ ಸಿಬ್ಬಂದಿ' ಎನ್ನುವಾಗ ಈ ತೊಡಕು ಹುಟ್ಟುವುದೇ ಇಲ್ಲ. ನಮ್ಮಲ್ಲಿ ತೊಡಕಾಗುವುದು ಮಾತಿನ ನಡುವೆ ನುಸುಳುವ ಇಂಗ್ಲಿಷ್ 'ಫೈರ್‌ಮನ್'.

ಈಗ ಠಾಣೆಯೊಳಕ್ಕೆ ಬರೋಣ. ಮೊದಲ ಸರಣಿಗಳಲ್ಲಿ ಅಲ್ಲಿ ಖಾಯಂ ಇದ್ದವರು ಮೂವರು: ಸ್ಯಾಮ್, ಅಡುಗೆಯನ್ನೂ ನೋಡಿಕೊಳ್ಳುವ ಎಲ್ವಿಸ್ ಕ್ರಿಡ್ಲಿಂಗ್ಟನ್, ಶಿಸ್ತಿನ ಠಾಣಾಧಿಕಾರಿ ಸ್ಟೀಲ್. ವಾಹನ ಒಂದು, ಜುಪಿಟರ್. ನಾಲ್ಕನೆಯವನು ಟ್ರೆವರ್ ಇವಾನ್ಸ್, ಊರಿನ ಬಸ್ ಚಾಲಕ. ಕರೆ ಬಂದಾಗ ಬಸ್ ಬಿಟ್ಟು ಓಡಿಬರುವವನು. ಮಕ್ಕಳಿಗೆ ಟ್ರೆವರ್ ನಗಿಸುವ ಪಾತ್ರ. ಈ ಕೆಲಸ ಬಲ್ಲವರಿಗೆ ಇಡೀ ಊರಿನಲ್ಲಿ ಅತ್ಯಂತ ನಿಜವಾದ ಪಾತ್ರವೇ ಅವನು. ವೇಲ್ಸ್‌ನ ಗ್ರಾಮೀಣ ಠಾಣೆಗಳಲ್ಲಿ ಬಹುಪಾಲು 'ಆನ್-ಕಾಲ್' ಠಾಣೆಗಳು. ಅಲ್ಲಿ ಹಗಲಿಡೀ ಕೂತಿರುವ ಸಿಬ್ಬಂದಿ ಇರುವುದಿಲ್ಲ. ಬಡಗಿ, ಅಂಗಡಿಯವರು, ರೈತರು, ಚಾಲಕರು ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು ತಮ್ಮ ಕೆಲಸದಲ್ಲಿರುತ್ತಾರೆ. ಅದು ಕಿರುಚಿದರೆ ಸುಮಾರು 5 ನಿಮಿಷದೊಳಗೆ ಠಾಣೆ ತಲುಪಬೇಕು. ವಾರಕ್ಕೊಂದು ಸಂಜೆ ಕವಾಯತು. ಸಿದ್ಧವಿರುವುದಕ್ಕೆ ಒಂದು ಮೊತ್ತ, ಹೊರಟ ಪ್ರತಿ ಕರೆಗೆ ಬೇರೆ ಸಂಬಳ. ಪಾಂಟಿಪ್ಯಾಂಡಿ ನಿಜವಾದ ಹಳ್ಳಿಯಾಗಿದ್ದರೆ ಅಲ್ಲಿ ಸ್ಯಾಮ್ ಇರುತ್ತಿರಲಿಲ್ಲ, ಆರೇಳು ಮಂದಿ ಟ್ರೆವರ್‌ಗಳು ಇರುತ್ತಿದ್ದರು.

ಆ ನಾಲ್ಕನೆಯವನು ಏಕೆ ಬೇಕು ಎನ್ನುವುದಕ್ಕೂ ಲೆಕ್ಕವಿದೆ. ಹೊಗೆ ತುಂಬಿದ ಮನೆಗೆ ಉಸಿರಾಟದ ಉಪಕರಣ ತೊಟ್ಟು ಒಳಹೋಗುವವರು ಯಾವಾಗಲೂ ಜೋಡಿ, ಒಬ್ಬರೇ ಹೋಗುವಂತಿಲ್ಲ. ಹೊರಗೆ ಒಬ್ಬರು ಪಂಪಿನ ಬಳಿ. ಇನ್ನೊಬ್ಬರು ಉಸ್ತುವಾರಿ ಹೊತ್ತು, ಒಳಹೋದವರ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ, ಎಷ್ಟು ಹೊತ್ತಿಗೆ ಹೊರಬರಬೇಕು ಎಂದು ಗಮನಿಸಬೇಕು. ಮೂವರೊಂದಿಗೆ ಇದು ಆಗದು. ನೀರಿನ ಲೆಕ್ಕವೂ ಇಷ್ಟೇ ಬಿಗಿ. ಜುಪಿಟರ್‌ನಂಥ ಬ್ರಿಟಿಷ್ ವಾಹನದ ಟ್ಯಾಂಕಿನಲ್ಲಿ ಸುಮಾರು 1,800 ಲೀಟರ್ ಹಿಡಿಯುತ್ತದೆ. ಸುರುಳಿ ಪೈಪಿನಲ್ಲಿ ನಿಮಿಷಕ್ಕೆ 100 ಲೀಟರ್ ಬಿಟ್ಟರೆ 18 ನಿಮಿಷ ಬರುತ್ತದೆ. ದೊಡ್ಡ ಪೈಪಿನಲ್ಲಿ 450 ಲೀಟರ್ ಬಿಟ್ಟರೆ 4 ನಿಮಿಷಕ್ಕೆ ಖಾಲಿ. ಅಷ್ಟರೊಳಗೆ ಯಾರಾದರೂ ಬೀದಿಯ ಹೈಡ್ರಂಟ್ (ಬೆಂಕಿ ನಂದಿಸಲು ನೀರು ಪಡೆಯುವ ನಲ್ಲಿ) ಹುಡುಕಿ ಪೈಪು ಜೋಡಿಸಬೇಕು. ಬಸ್ಸಿನಿಂದ ಇಳಿದು ಓಡುವ ಟ್ರೆವರ್‌ನನ್ನು ನೋಡಿದಾಗ ಈ 4 ನಿಮಿಷ ನೆನಪಿಗೆ ಬರಬೇಕು.

ಎಲ್ವಿಸ್‌ನ ಅಡುಗೆಮನೆ ತಮಾಷೆಗೆ ಇದ್ದರೂ ಆಗಿನ ಬ್ರಿಟನ್ನಿನ ಮನೆಗಳ ಒಂದು ದೊಡ್ಡ ಅಪಾಯ ಅಡುಗೆಮನೆಯಲ್ಲೇ ಇತ್ತು: ಆಲೂಗಡ್ಡೆ ಕರಿಯುವ ಎಣ್ಣೆ ಬಾಣಲೆ. ಹೊತ್ತಿದ ಎಣ್ಣೆಗೆ ನೀರು ಸುರಿದರೆ ನೀರು ಭಾರವಾದ್ದರಿಂದ ತಳಕ್ಕಿಳಿದು, ಕ್ಷಣದಲ್ಲಿ ಹಬೆಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಬಾಣಲೆ ಎತ್ತಿಕೊಂಡು ಬಾಗಿಲಿಗೆ ಓಡುವುದೂ ಅಷ್ಟೇ ಕೆಟ್ಟದ್ದು; ಗಾಳಿಗೆ ಜ್ವಾಲೆ ಕೈಗೇ ತಿರುಗುತ್ತದೆ. ಒದ್ದೆ ಬಟ್ಟೆ ಮುಚ್ಚಿ ಎಂಬುದು ಹಳೆಯ ಸಲಹೆ. ಈಗಿನದು ಇನ್ನೂ ಚಿಕ್ಕದು: ಸುರಕ್ಷಿತವಾಗಿ ಸಾಧ್ಯವಿದ್ದರೆ ಉರಿ ಆರಿಸಿ, ಬಾಗಿಲು ಮುಚ್ಚಿ ಹೊರಬನ್ನಿ, 999ಕ್ಕೆ ಕರೆ ಮಾಡಿ. ನಮ್ಮ ಒಗ್ಗರಣೆ ಬಾಣಲೆಗೂ ಇದೇ ಮಾತು, ಸಂಖ್ಯೆ ಮಾತ್ರ 112.

ಪೆನ್ನಿ ಮಾರಿಸ್ ಬಂದದ್ದು 1994ರ ನಾಲ್ಕನೇ ಸರಣಿಯಲ್ಲಿ, ಪಕ್ಕದ ನ್ಯೂಟೌನ್ ಠಾಣೆಯವಳಾಗಿ. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಹೆಣ್ಣುಮಕ್ಕಳು ಪೈಪು ಹಿಡಿದು ಕೆಲಕಾಲವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುವ ರಾತ್ರಿಗಳಲ್ಲಿ ಮಹಿಳೆಯರು ವಾಹನ ಓಡಿಸಿದ್ದರು, ನಿಯಂತ್ರಣ ಕೊಠಡಿ ನಡೆಸಿದ್ದರು. ಯುದ್ಧ ಮುಗಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು. 1976ರಲ್ಲಿ ಮೇರಿ ಜಾಯ್ ಲ್ಯಾಂಗ್ಡನ್ ಈಸ್ಟ್ ಸಸೆಕ್ಸ್‌ನಲ್ಲಿ ಸೇರಿದರು, ಅದೂ ಟ್ರೆವರ್‌ನಂತೆ ಕರೆಗೆ ಓಡುವ ಸಿಬ್ಬಂದಿಯಾಗಿ. 1982ರಲ್ಲಿ ಸ್ಯೂ ಬ್ಯಾಟನ್ ಲಂಡನ್ ದಳ ಸೇರಿದರು. ಲಂಡನ್ನಿನಲ್ಲಿ 1980ರ ದಶಕದಲ್ಲೇ ಹುದ್ದೆಯ ಹೆಸರು 'ಫೈರ್‌ಫೈಟರ್' ಆಯಿತು. ಅಂದರೆ 1987ರಲ್ಲಿ ಸ್ಯಾಮ್‌ಗೆ ಇಂಗ್ಲಿಷ್ ಹೆಸರು ಇಡುವಾಗಲೇ ಅದು ಕೊಂಚ ಹಳೆಯ ಪದ. ಪೆನ್ನಿ ಬಂದಾಗ ಅವಳು 'ಫೈರ್‌ಫೈಟರ್ ಪೆನ್ನಿ'ಯೇ ಆದಳು, ಶೀರ್ಷಿಕೆ ಬದಲಾಗಲಿಲ್ಲ. ಇಂಗ್ಲಿಷ್ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ಜಾನ್ ಆಲ್ಡರ್ಟನ್ ಒಬ್ಬರದೇ ದನಿ ಇದ್ದುದರಿಂದ ಮೊದಲ ಪೆನ್ನಿ ಮಾತಾಡಿದ್ದೂ ಗಂಡಿನ ಕಂಠದಲ್ಲಿ. ಅವಳಿಗೆ ಹೆಣ್ಣುದನಿ ಸಿಗಲು 2005ರ ಸರಣಿವರೆಗೆ ಕಾಯಬೇಕಾಯಿತು.

ಆದರೂ ಪೆನ್ನಿಯನ್ನು ಬರೆದ ರೀತಿಯಲ್ಲಿ ಒಂದು ಹಿರಿಮೆಯಿದೆ. ಹೆಣ್ಣೆಂದು ಎದ್ದು ತೋರಿಸುವ ಭಾಷಣ ಅವಳಿಗಿಲ್ಲ. ಅವಳು ಸಾಮಾನ್ಯವಾಗಿ ರಕ್ಷಣಾ ಉಪಕರಣ ಹೊತ್ತ ವೀನಸ್ ವಾಹನದ ಚುಕ್ಕಾಣಿ ಹಿಡಿಯುತ್ತಾಳೆ, ಕೆಲಸ ಮುಗಿಸಿ ವಾಪಸ್ಸಾಗುತ್ತಾಳೆ. ಇದನ್ನು ನೋಡಿ ಬೆಳೆದ ಮಗುವಿಗೆ ಬೇರೆ ಪಾಠ ಬೇಕಾಗದು.

ಬೊಂಬೆಯ ಕಾಲದಲ್ಲಿ ಕಥೆಗಳು ಚಿಕ್ಕದಾಗಿದ್ದಕ್ಕೆ ತಾಂತ್ರಿಕ ಕಾರಣವೂ ಇದೆ ಎಂದು ನನಗನಿಸುತ್ತದೆ. ಬ್ರಿಟಿಷ್ ಟೀವಿಗೆ ಸೆಕೆಂಡಿಗೆ 25 ಚೌಕಟ್ಟು. ಒಂದು ಭಂಗಿಗೆ ಎರಡು ಚೌಕಟ್ಟಿನಂತೆ ಹಿಡಿದರೂ ಹತ್ತು ನಿಮಿಷಕ್ಕೆ 7,500 ಸಲ ಬೊಂಬೆ ಕದಲಿಸಬೇಕು. ಎರಡು ಚೌಕಟ್ಟುಗಳ ನಡುವೆ ಜ್ವಾಲೆ ನಿಲ್ಲುವುದಿಲ್ಲ, ನೀರಂತೂ ಪುಟ್ಟ ಮಾದರಿಯ ಮೇಲೆ ಬಿದ್ದರೆ ಹನಿಗಳು ಬೊಂಬೆಯ ತಲೆಯಷ್ಟು ದಪ್ಪ ಕಾಣುತ್ತವೆ. ಹಾಗಾಗಿ ಸಿಕ್ಕಿಬಿದ್ದ ಮಗು, ಕಳೆದುಹೋದ ಬೆಕ್ಕು, ಚಿಕ್ಕ ಹೊಗೆ ಇವೇ ಹೆಚ್ಚು. 2008ರಲ್ಲಿ ಸರಣಿ ಕಂಪ್ಯೂಟರ್ ಅನಿಮೇಷನ್‌ಗೆ ಹಾರಿದಾಗ ಗುಡ್ಡದ ಊರು ಕಡಲ ತೀರದ ಮೀನುಗಾರರ ಊರಾಯಿತು. ಸ್ಯಾಮ್‌ನ ತಮ್ಮ ಚಾರ್ಲಿಗೆ ದೋಣಿ ಬಂತು, ಠಾಣೆಗೆ ನೆಪ್ಚೂನ್ ಎಂಬ ರಕ್ಷಣಾ ದೋಣಿಯೂ ಇತ್ತು. ಹೊರಗಿನ ಲೋಕವೂ ಅದೇ ದಿಕ್ಕಿಗೆ ಸರಿದಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2004ರಲ್ಲಿ ಬಂದ ಕಾಯ್ದೆ 'ಅಗ್ನಿಶಾಮಕ ಮತ್ತು ರಕ್ಷಣಾ ಸೇವೆ' ಎಂದು ಕರೆದು, ರಸ್ತೆ ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದನ್ನೂ ಬೆಂಕಿ ತಡೆಗಟ್ಟುವ ತಿಳಿವಳಿಕೆ ಕೊಡುವುದನ್ನೂ ಕಡ್ಡಾಯ ಕರ್ತವ್ಯ ಮಾಡಿತು. ಸ್ಯಾಮ್‌ನ ವೇಷ ಶಾಲೆಗಳಿಗೆ ಹೋಗುತ್ತಿದ್ದದ್ದು ಈ ಎರಡನೆಯ ಬಗೆಯ ಕೆಲಸಕ್ಕೆ.

ನಾರ್ಮನ್ ಪ್ರೈಸ್ ಬಗ್ಗೆ ಒಂದು ಮಾತು. ಹೆಚ್ಚಿನ ಕಂತುಗಳಲ್ಲಿ ಅವಾಂತರ ಶುರುವಾಗುವುದು ಈ ಕೆಂಪುಗೂದಲ ಪೋರನಿಂದ. ಅವನಿಗೆ ಬೈಗುಳವೂ ಕ್ಷಮೆಯೂ ಸಿಗುತ್ತದೆ. ನಿಜ ಜೀವನದಲ್ಲಿ ಬೆಂಕಿಯೊಡನೆ ಆಡುವ ಮಕ್ಕಳಿಗಾಗಿ ಬ್ರಿಟನ್ನಿನ ಅಗ್ನಿಶಾಮಕ ಸೇವೆಗಳು ತರಬೇತಾದವರನ್ನು ಮನೆಗೇ ಕಳಿಸಿ, ಮಗುವಿನೊಂದಿಗೂ ಹೆತ್ತವರೊಂದಿಗೂ ಕೂತು ಮಾತಾಡಿಸುತ್ತವೆ. ಇಂಥ ಮಗುವಿಗೆ ಗದರಿಕೆಯೊಂದೇ ಸಾಲದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಶೀರ್ಷಿಕೆ ಉಳಿದದ್ದು ವ್ಯಾಪಾರದ ಕಾರಣಕ್ಕೆ ಎಂದು ಊಹಿಸಲು ಕಷ್ಟವಿಲ್ಲ. ಆಟಿಕೆ ದೈತ್ಯ ಮ್ಯಾಟೆಲ್ 2012ರಲ್ಲಿ ಈ ಸರಣಿಯ ಒಡೆತನವಿದ್ದ ಹಿಟ್ ಎಂಟರ್‌ಟೇನ್‌ಮೆಂಟ್ ಸಂಸ್ಥೆಯನ್ನು ಕೊಂಡಾಗ ಆ ಎರಡು ಪದಗಳೇ ಬ್ರಾಂಡ್ ಆಗಿದ್ದವು. ನಂತರದ ಸರಣಿಗಳಲ್ಲಿ ಠಾಣೆಗೆ ಎಲೀ ಫಿಲಿಪ್ಸ್ ಎಂಬ ಇನ್ನೊಬ್ಬ ಮಹಿಳೆ ಸೇರಿದಳು. ಹೆಸರು ನಿಂತಲ್ಲೇ ನಿಂತಿತು, ಹಾಜರಿ ಪುಸ್ತಕ ಮುಂದೆ ಹೋಯಿತು.

ಈಗ ಹಳ್ಳಿ ಠಾಣೆಗಳನ್ನು ಕಾಡುತ್ತಿರುವುದು ಟ್ರೆವರ್‌ಗಳ ಕೊರತೆ. ಊರಿನ ಗಿರಣಿ, ಗ್ಯಾರೇಜು ಮುಚ್ಚಿ ಜನ ದೂರದ ಪಟ್ಟಣಗಳಿಗೆ ಕೆಲಸಕ್ಕೆ ಹೋದಾಗ ಹಗಲಲ್ಲಿ 5 ನಿಮಿಷದ ಅಳತೆಯೊಳಗೆ ನಾಲ್ವರು ಸಿಗುವುದಿಲ್ಲ. ವಾಹನ ಸರಿಯಿದ್ದರೂ, ಟ್ಯಾಂಕ್ ತುಂಬಿದ್ದರೂ ಠಾಣೆ 'ಲಭ್ಯವಿಲ್ಲ' ಎಂದು ನಮೂದಾಗಿ, ಕರೆ ಮುಂದಿನ ಊರಿಗೆ ಹೋಗುತ್ತದೆ. ಹಗಲು ಊರಲ್ಲೇ ಇರುವವರು ಯಾರು ಎಂದು ಹುಡುಕಿದರೆ ಪಾಂಟಿಪ್ಯಾಂಡಿಯಲ್ಲಿ ಮೊದಲು ಕಾಣುವವಳು ನಾರ್ಮನ್‌ನ ತಾಯಿ ಡಿಲಿಸ್, ಅಂಗಡಿ ನಡೆಸುವವಳು. ಬ್ರಿಟನ್ನಿನಲ್ಲಿ ಹಿಂದೆ ಇದ್ದ ಕನಿಷ್ಠ ಎತ್ತರದ ನಿಯಮ ಈಗ ಇಲ್ಲ. ವಯಸ್ಸು 18 ದಾಟಿರಬೇಕು. ದೇಹಬಲದ ಪರೀಕ್ಷೆಯಲ್ಲಿ 55 ಕಿಲೋ ತೂಕದ ಬೊಂಬೆಯನ್ನು 30 ಮೀಟರ್ ಎಳೆಯಬೇಕು, ಏಣಿ ಏರಬೇಕು, ಮುಖವಾಡ ತೊಟ್ಟು ಇಕ್ಕಟ್ಟಾದ ಜಾಗದಲ್ಲಿ ತೆವಳಬೇಕು. ದಿನವಿಡೀ ಅಕ್ಕಿ, ಆಲೂಗಡ್ಡೆ ಮೂಟೆ ಎತ್ತಿಳಿಸುವ ಡಿಲಿಸ್ ಕೆಲವು ತಿಂಗಳು ಓಡಿ ಅಭ್ಯಾಸ ಮಾಡಿದರೆ ಇದು ಅವಳ ಅಳವಿಗೆ ಮೀರಿದ್ದೇನಲ್ಲ. ಠಾಣೆಯ ಗೋಡೆಯ ಮೇಲೆ ಸಿಬ್ಬಂದಿ ಬೇಕಾಗಿದ್ದಾರೆ ಎಂಬ ಫಲಕ ಯಾವ ಪದದಲ್ಲಿ ಬರೆದಿದೆ ಎಂಬುದನ್ನು, ಅಂಗಡಿ ಬಾಗಿಲಿಗೆ ಬಂದು ಅವಳು ಒಮ್ಮೆ ಓದುವಳೋ ಇಲ್ಲವೋ ಎಂಬುದನ್ನು ನೆನೆದರೆ ಲಿಂಕನ್‌ಶೈರ್‌ನವರು ಏಕೆ ಅಷ್ಟು ತಲೆಕೆಡಿಸಿಕೊಂಡರು ಎಂದು ತಿಳಿಯುತ್ತದೆ.